ಪಟ್ಟಾಯದಲ್ಲಿ ಆರು ತಿಂಗಳ ಮನೆ ಹಿಡಿಯುವ ಮುನ್ನ ಊರನ್ನು ಓದುವುದು ಹೇಗೆ

ಪಟ್ಟಾಯದ ಬಗ್ಗೆ ಮೂರು ವರ್ಷದ ಹಿಂದೆ ಬರೆದಿಟ್ಟದ್ದನ್ನು ನಂಬಿ ಮನೆ ಹಿಡಿದರೆ, ಇಲ್ಲದ ಊರಿಗೆ ಬಾಡಿಗೆ ಕಟ್ಟಿದ ಹಾಗೆ. ಥಾಯ್ಲೆಂಡಿನ ಈ ಕಡಲೂರು ಯಾವ ದೇಶದವರು ಹೆಚ್ಚು ಬರುತ್ತಾರೋ ಅವರಿಗೆ ತಕ್ಕಂತೆ ತನ್ನನ್ನು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಇಡೀ ಊರು ಒಟ್ಟಿಗೆ ಬದಲಾಗುವುದಿಲ್ಲ, ಗಲ್ಲಿ ಗಲ್ಲಿಯಾಗಿ ಬದಲಾಗುತ್ತದೆ. ಒಂದು ಗಲ್ಲಿಯಲ್ಲಿ ನೆಮ್ಮದಿ, ಪಕ್ಕದ ಗಲ್ಲಿಯಲ್ಲಿ ಬೆಳಗಿನ ಜಾವ ಮೂರರವರೆಗೂ ಸ್ಪೀಕರ್. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ ಸಿಗುವುದರಿಂದ ನಿವೃತ್ತರೂ ಮನೆಯಿಂದಲೇ ಕೆಲಸ ಮಾಡುವವರೂ ಕೆಲವು ತಿಂಗಳು ಇಲ್ಲಿರುವ ಲೆಕ್ಕ ಹಾಕುತ್ತಾರೆ. ಅಂಥವರು ಮೊದಲು ನೋಡಬೇಕಾದದ್ದು ಮನೆಯನ್ನಲ್ಲ, ಬೀದಿಯನ್ನು.

ಮೊದಲು ಪದರಗಳನ್ನು ಗುರುತಿಸಿಕೊಳ್ಳಿ

ಹೊಸ ನೀರು ಬಂದಾಗ ಹಳೆ ನೀರು ಕೊಚ್ಚಿಕೊಂಡು ಹೋಗುತ್ತದೆ ಅನ್ನುತ್ತೇವೆ. ಪಟ್ಟಾಯದಲ್ಲಿ ನೀರು ಹೋದರೂ ಹೂಳು ಉಳಿಯುತ್ತದೆ. ನೀವು ಮನೆ ಹಿಡಿಯುವುದು ಆ ಹೂಳಿನ ಮೇಲೆ.

ಅಡಿಯ ಪದರ ಬೆಸ್ತರ ಹಳ್ಳಿ. ಅದರ ಕುರುಹು ಇನ್ನೂ ಉಳಿದಿರುವುದು ಉತ್ತರದ ನಾಕ್ಲುವಾದಲ್ಲಿ. 1959ರ ಜೂನ್ 29ರಂದು ಈಶಾನ್ಯ ಥಾಯ್ಲೆಂಡಿನ ಕೋರಾಟ್‌ನಲ್ಲಿದ್ದ ಅಮೆರಿಕನ್ ಸೈನಿಕರು ಲಾರಿಗಳಲ್ಲಿ ಬಂದು ಕಡಲತೀರದ ದಕ್ಷಿಣ ತುದಿಯಲ್ಲಿ ಮನೆ ಬಾಡಿಗೆಗೆ ಹಿಡಿದರು. ಊರಿನ ಪ್ರವಾಸೋದ್ಯಮದ ಹುಟ್ಟಿದ ದಿನವೆಂದು ಇದನ್ನೇ ಹೇಳುವುದು ರೂಢಿ. ವಿಯೆಟ್ನಾಂ ಯುದ್ಧದ ಕಾಲಕ್ಕೆ ದಕ್ಷಿಣದ ಉ-ತಪಾವ್ ವಾಯುನೆಲೆಯಿಂದ ರಜೆಗೆ ಬಂದ ಸೈನಿಕರೇ ಗಿರಾಕಿಗಳು. ಅವರು ಹೋದರು, ದಕ್ಷಿಣ ತುದಿ ಎಂದರೆ ರಾತ್ರಿ ವ್ಯಾಪಾರ ಅನ್ನುವ ಹಂಚಿಕೆ ಉಳಿಯಿತು. ಇಂದಿನ ವಾಕಿಂಗ್ ಸ್ಟ್ರೀಟ್ ಅಲ್ಲೇ ಇದೆ. 1978ರ ನವೆಂಬರ್ 29ರಂದು ಪಟ್ಟಾಯಕ್ಕೆ ವಿಶೇಷ ಆಡಳಿತದ ನಗರವೆಂಬ ಸ್ಥಾನ ಸಿಕ್ಕಿತು.

ಆಮೇಲೆ ಬಂದವರು ಚಾರ್ಟರ್ ವಿಮಾನದ ಯುರೋಪಿನವರು. ಹೋಟೆಲುಗಳು ಎದ್ದ ವೇಗಕ್ಕೆ ಒಳಚರಂಡಿ ಏಳಲಿಲ್ಲ, ಕೊಳಚೆ ಕಡಲಿಗೇ ಹೋಯಿತು. 1980ರ ದಶಕದ ಕೊನೆಗೆ ಈಜಲಾಗದ ನೀರು ಎಂಬ ಕೆಟ್ಟ ಹೆಸರು ಬಂತು. ಪ್ರವಾಸಿ ತಾಣಗಳು ಕಂಡುಹಿಡಿಯಲ್ಪಟ್ಟು, ಬೆಳೆದು, ದಣಿದು, ಆಮೇಲೆ ಕುಸಿಯುತ್ತವೆ ಇಲ್ಲವೇ ಹೊಸ ರೂಪ ತಾಳುತ್ತವೆ ಎಂದು ಭೂಗೋಳ ತಜ್ಞ ರಿಚರ್ಡ್ ಬಟ್ಲರ್ 1980ರಲ್ಲಿ ಒಂದು ಮಾದರಿ ಕೊಟ್ಟರು. ಪಟ್ಟಾಯಕ್ಕೆ ಅದನ್ನು ಹೊಂದಿಸುವವರು ಮಾಡುವ ತಪ್ಪು, ಇಡೀ ಊರಿಗೆ ಒಂದೇ ವಯಸ್ಸು ಕೊಡುವುದು. ಒಂದೇ ಸಂಜೆ ಒಂದು ಕಿಲೋಮೀಟರ್ ನಡೆದರೆ ಈ ಹಂತಗಳೆಲ್ಲ ಕಣ್ಣಿಗೆ ಬೀಳುತ್ತವೆ.

ನಂತರದ ಪದರಗಳು ಬೇಗ ಬೇಗ ಬಂದವು. ರಷ್ಯನ್ನರ ಜೊತೆ ಕಾಂಡೋ, ಅಂದರೆ ಒಂದೊಂದಾಗಿ ಮಾರುವ ಅಪಾರ್ಟ್‌ಮೆಂಟುಗಳ ಭರಾಟೆ. 2014ರಲ್ಲಿ ರೂಬಲ್ ಬಿದ್ದಾಗ ಬಹಳ ಕಡೆ ವ್ಯಾಪಾರ ನಿಂತಿತು. ಬಾಲಿ ಹಾಯ್ ಬಂದರಿನ ಪಕ್ಕ, ಗುಡ್ಡದ ನೋಟಕ್ಕೆ ಅಡ್ಡ ಬರುತ್ತದೆಂದು ತಕರಾರಾಗಿದ್ದ 53 ಮಹಡಿಯ ಕಟ್ಟಡದ ಕೆಲಸ ನಿಂತದ್ದೂ ಅದೇ ವರ್ಷ. ಆಮೇಲೆ ಚೀನಾದ ಗುಂಪು ಪ್ರವಾಸಗಳು: ಬಸ್ಸು ನಿಲ್ಲಿಸಲು ಜಾಗವಿರುವ ದೈತ್ಯ ಊಟದ ಹಾಲ್‌ಗಳು ಆ ಕಾಲದವು. 2020ರಲ್ಲಿ ಕೋವಿಡ್ ಎಲ್ಲವನ್ನೂ ಮುಚ್ಚಿಸಿತು. ತೆರೆದಾಗ ವಾಕಿಂಗ್ ಸ್ಟ್ರೀಟಿನಲ್ಲಿ ಹಿಂದಿ, ಪಂಜಾಬಿ ಹಾಡಿನ ಕ್ಲಬ್ಬುಗಳು ತುಂಬಿಕೊಂಡವು. ಸರಕಾರ ಗಾಂಜಾ ಮೇಲಿನ ನಿರ್ಬಂಧ ಸಡಿಲಿಸಿದ 2022ರ ಜೂನ್ 9ರಿಂದ ಅದರ ಅಂಗಡಿಗಳು ನಾಯಿಕೊಡೆಯಂತೆ ಎದ್ದವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಾಗ ಶಟರ್ ಎಳೆದವೂ ಉಂಟು. (ಒಂದು ಮಾತು: ಅದನ್ನು ಚೀಲದಲ್ಲಿ ತರುವ ಯೋಚನೆ ಬೇಡವೇ ಬೇಡ. ಬ್ಯಾಂಕಾಕಿನಿಂದ ಇಳಿದವರ ಬಳಿ ಗಾಂಜಾ ಸಿಕ್ಕ ಪ್ರಕರಣಗಳು ಕೆಂಪೇಗೌಡ ನಿಲ್ದಾಣದಲ್ಲಿ ಮತ್ತೆ ಮತ್ತೆ ಆಗಿವೆ.)

ಸದ್ದಿಲ್ಲದೆ ಬಂದ ಇನ್ನೊಂದು ಪದರವೇ ಬಾಡಿಗೆಯ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ: ಥಾಯ್ ಜನರೇ. 7ನೇ ನಂಬರಿನ ಮೋಟಾರ್‌ವೇ ಇರುವುದರಿಂದ ಬ್ಯಾಂಕಾಕಿನವರಿಗೆ ಇದು ವಾರಾಂತ್ಯದ ಊರು. ಪೂರ್ವ ಆರ್ಥಿಕ ಕಾರಿಡಾರ್ ಯೋಜನೆಯಿಂದ ಚೋನ್‌ಬುರಿ, ರಯೋಂಗ್ ಕಾರ್ಖಾನೆಗಳ ನೌಕರರೂ ಇಲ್ಲಿ ಮನೆ ಹುಡುಕುತ್ತಾರೆ.

ಒಂದು ದಿನದ ಓದು: ಉತ್ತರದಿಂದ ದಕ್ಷಿಣಕ್ಕೆ

ಮೊದಲ ವಾರಕ್ಕೆ ಹೋಟೆಲು ಹಿಡಿಯಿರಿ. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲಮಟ್ಟದ 1ನೇ ಮಹಡಿಯ 8ನೇ ಬಾಗಿಲ ಹತ್ತಿರ ಪಟ್ಟಾಯ ಬಸ್ಸಿನ ಟಿಕೆಟ್ ಸಿಗುತ್ತದೆ. ಸುಮಾರು ಎರಡು ಗಂಟೆಯ ದಾರಿ, ಕೊನೆಯ ನಿಲ್ದಾಣ ಊರಿನ ದಕ್ಷಿಣದ ಜೋಮ್ಟಿಯೆನ್.

ಓಡಾಟಕ್ಕೆ ಸೋಂಗ್ತಾವ್ ಸಾಕು, ಅಂದರೆ ಹಿಂದೆ ಎದುರುಬದುರು ಬೆಂಚು ಹಾಕಿದ ಪಿಕಪ್ ಗಾಡಿ. ಕೈ ತೋರಿಸಿ ಹತ್ತಿ, ಇಳಿಯುವಾಗ ಗಂಟೆ ಒತ್ತಿ, ಇಳಿದ ಮೇಲೆ ದುಡ್ಡು ಕೊಡಿ. ಎಲ್ಲಿಗೆ ಎಷ್ಟು ಎಂದು ಕೇಳಿದಿರೋ, ಅದು ಬಾಡಿಗೆ ಟ್ಯಾಕ್ಸಿಯಾಗಿ ನೂರಾರು ಬಾತ್ (ಥಾಯ್ ಹಣ) ಹೇಳುತ್ತದೆ. ಮುಖ್ಯ ದಾರಿಯಲ್ಲಿ ವರ್ಷಗಟ್ಟಲೆ ಇದ್ದ ದರ 10 ಬಾತ್. ಚಿಲ್ಲರೆ ಇಟ್ಟುಕೊಂಡು ಪಕ್ಕದವರು ಕೊಡುವಷ್ಟೇ ಕೊಡಿ. ಬೀಚ್ ರಸ್ತೆ ಉತ್ತರದಿಂದ ದಕ್ಷಿಣಕ್ಕೆ ಏಕಮುಖ, ಎರಡನೇ ರಸ್ತೆ ದಕ್ಷಿಣದಿಂದ ಉತ್ತರಕ್ಕೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಬೆಳಿಗ್ಗೆ ನಾಕ್ಲುವಾದ ಲಾನ್ ಪೋ ಮೀನು ಮಾರುಕಟ್ಟೆಯಿಂದ ಹೊರಡಿ. ಅಲ್ಲಿ ಗಿರಾಕಿಗಳು ಥಾಯ್ ಜನ. ಊರಿನವರ ದರ ಏನೆಂದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿಂದ ಡಾಲ್ಫಿನ್ ವೃತ್ತ, ಬೀಚ್ ರಸ್ತೆ, ಬಾಲಿ ಹಾಯ್ ಬಂದರು. ಪ್ರಾತಮ್ನಕ್ ಗುಡ್ಡ ಹತ್ತಿ ಮೇಲಿಂದ ನೋಡಿ: ಎಡ ಬಲ ಎರಡು ಕೊಲ್ಲಿ, ಯಾವ ಕಡೆ ಕ್ರೇನ್‌ಗಳಿವೆ, ಯಾವ ಕಡೆ ಬಣ್ಣ ಮಾಸಿದ ಗೋಪುರಗಳಿವೆ. ಗುಡ್ಡ ಇಳಿದರೆ ಜೋಮ್ಟಿಯೆನ್, ಸುಮಾರು 6 ಕಿಲೋಮೀಟರಿನ ಉದ್ದ ತೀರ. ಸಂಜೆಗೆ ಸುಖುಮ್ವಿತ್ ಹೆದ್ದಾರಿ ದಾಟಿ ಪೂರ್ವಕ್ಕೆ ಹೋಗಿ. ಹಳೆಯ ವಿದೇಶಿಯರು ಅದನ್ನು ತಮಾಷೆಗೆ 'ಕತ್ತಲ ಕಡೆ' ಅನ್ನುತ್ತಿದ್ದರು. ಈಗ ಅಲ್ಲಿ ಕಾಂಪೌಂಡು ಹಾಕಿದ ವಿಲ್ಲಾ ಬಡಾವಣೆಗಳೇ ಹೆಚ್ಚು.

ದಾರಿಯುದ್ದಕ್ಕೂ ಬೋರ್ಡುಗಳ ಭಾಷೆ ಗಮನಿಸಿ. ಇಂಗ್ಲಿಷಿನ ಕೆಳಗೆ ಎರಡನೆಯ ಭಾಷೆ ಯಾವುದು? ನಾಕ್ಲುವಾದಲ್ಲಿ ಜರ್ಮನ್, ಜೋಮ್ಟಿಯೆನ್ ಮತ್ತು ಪ್ರಾತಮ್ನಕ್‌ನಲ್ಲಿ ರಷ್ಯನ್, ದಕ್ಷಿಣ ಪಟ್ಟಾಯದಲ್ಲಿ ಅರಬ್ಬಿ ಮತ್ತು ಭಾರತೀಯ ಊಟದ ಹೆಸರುಗಳು. ಭಾಷೆಗಿಂತ ಮುಖ್ಯ ಬೋರ್ಡಿನ ವಯಸ್ಸು. ಬಿಸಿಲಿಗೆ ಬಿಳಿಚಿದ ಬೋರ್ಡಿನ ಪಕ್ಕ ಹೊಸ ಭಾಷೆಯ ಹೊಳೆಯುವ ಬೋರ್ಡು ಎರಡು ಮೂರು ಕಂಡರೆ ಆ ಗಲ್ಲಿ ಕೈ ಬದಲಾಗುತ್ತಿದೆ, ಮುಂದಿನ ಕರಾರಿನ ಹೊತ್ತಿಗೆ ಬಾಡಿಗೆ ಏರುವ ಸಂಭವ ಹೆಚ್ಚು. ಮುಚ್ಚಿದ ಅಂಗಡಿಗಳನ್ನು ಎಣಿಸಿ, ಆದರೆ ತಿಂಗಳು ನೋಡಿ ಎಣಿಸಿ: ಸೆಪ್ಟೆಂಬರಿನಲ್ಲಿ ಹತ್ತಕ್ಕೆ ಮೂರು ಮುಚ್ಚಿದ್ದರೆ ಮಳೆಗಾಲದ ನಿದ್ದೆ, ಜನವರಿಯಲ್ಲಿ ಅಷ್ಟೇ ಮುಚ್ಚಿದ್ದರೆ ಗಲ್ಲಿಯೇ ಸೋತಿದೆ. ಬಟ್ಟೆ ಒಗೆಯುವ ಯಂತ್ರದ ಅಂಗಡಿ, ಕುಡಿಯುವ ನೀರಿನ ಕಾಸು ಯಂತ್ರ, ಬೆಳಿಗ್ಗೆ ಅನ್ನ ಸಾರು ಮಾರುವ ತಳ್ಳುಗಾಡಿ — ಈ ಮೂರೂ ಇದ್ದರೆ ಅಲ್ಲಿ ಜನ ಬಾಳುತ್ತಿದ್ದಾರೆ ಎಂದು ಅರ್ಥ. ಇವು ಇಲ್ಲದೆ ಬರೀ ಮಸಾಜ್ ಮತ್ತು ಕರೆನ್ಸಿ ಕೌಂಟರ್ ಇದ್ದರೆ ಅದು ವಾರಕ್ಕೆ ಬಂದು ಹೋಗುವವರ ಬೀದಿ. ಆರು ತಿಂಗಳು ಅಲ್ಲಿರುವುದು ಜಾತ್ರೆಯ ಮಧ್ಯೆ ಮಂಚ ಹಾಕಿದ ಹಾಗೆ.

ಅದೇ ಗಲ್ಲಿಗೆ ರಾತ್ರಿ ಹನ್ನೊಂದಕ್ಕೆ ಮತ್ತೊಮ್ಮೆ ಹೋಗಿ. ಏಜೆಂಟು ಮನೆ ತೋರಿಸುವುದು ಯಾವಾಗಲೂ ಮಧ್ಯಾಹ್ನವೇ. ಸೋಯ್ ಬುವಾಖಾವ್ (ಸೋಯ್ ಎಂದರೆ ಗಲ್ಲಿ) ಸುತ್ತಮುತ್ತ ಇದು ಕಡ್ಡಾಯ.

ನೀರು ಮತ್ತು ಮರಳು

ಪೂರ್ವದ ದಿಬ್ಬಗಳಿಂದ ನೆಲ ಕಡಲ ಕಡೆಗೆ ಇಳಿಜಾರು. ಮಳೆನೀರು ಪಶ್ಚಿಮಕ್ಕೆ ಹರಿಯಬೇಕು. ಮಧ್ಯೆ ರೈಲು ಹಳಿ, ಸುಖುಮ್ವಿತ್ ಹೆದ್ದಾರಿ, ಮುಚ್ಚಿಹೋದ ಹಳೆಯ ಕಾಲುವೆಗಳು. ಹಾಗಾಗಿ ಜೋರು ಮಳೆ ಬಂದಾಗ ಹಳಿ ಪಕ್ಕದ ರಸ್ತೆ, ಖಾವ್ ನೋಯ್, ಖಾವ್ ತಾಲೋ ಗಲ್ಲಿಗಳಲ್ಲಿ ಬೈಕು ಮುಳುಗುವಷ್ಟು ನೀರು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕೆರೆಯಂಗಳದ ಬಡಾವಣೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮನೆ ನೋಡಲು ಆಗಲೇ ಹೋದರೆ ಎರಡು ಲಾಭ: ಬಾಡಿಗೆ ಇಳಿದಿರುತ್ತದೆ, ನೀರಿನ ಗುಟ್ಟೂ ಬಯಲಾಗಿರುತ್ತದೆ. ಒಣ ತಿಂಗಳಲ್ಲಿ ಹೋದರೆ ಅಂಗಡಿಗಳ ಹೊಸ್ತಿಲು ನೋಡಿ. ಎರಡು ಇಟ್ಟಿಗೆ ಏರಿಸಿದ ಹೊಸ್ತಿಲು, ಬಾಗಿಲ ಪಕ್ಕ ಮರಳು ಚೀಲ, ಗೋಡೆಯ ಮೇಲೆ ಮೊಣಕಾಲೆತ್ತರದ ಕಂದು ಗೆರೆ — ಇವು ಏಜೆಂಟಿಗಿಂತ ಸತ್ಯ ಹೇಳುತ್ತವೆ.

ಕಡಲತೀರವೂ ಮನುಷ್ಯ ಮಾಡಿದ್ದೇ. ಸವೆದು ರಿಬ್ಬನ್ನಿನಷ್ಟಾಗಿದ್ದ ಪಟ್ಟಾಯ ತೀರಕ್ಕೆ 2018–19ರಲ್ಲಿ ಮರಳು ತುಂಬಿ ಸುಮಾರು 35 ಮೀಟರ್ ಅಗಲ ಮಾಡಿದರು, ಆಮೇಲೆ ಜೋಮ್ಟಿಯೆನ್‌ಗೂ ತುಂಬಿದರು. ದೊಡ್ಡ ಮಳೆಗೆ ಬೀಚ್ ರಸ್ತೆಯ ನೀರು ಉಕ್ಕಿ ಆ ಮರಳನ್ನೇ ಕೊರೆದು ಕಡಲಿಗೆ ಒಯ್ಯುತ್ತದೆ, ನಗರಸಭೆಯ ಯಂತ್ರಗಳು ಮತ್ತೆ ಎಳೆದು ಹಾಕುತ್ತವೆ. ಮಳೆಯಾದ ಮರುದಿನ ಚರಂಡಿ ಬಾಯಿಗಳ ಹತ್ತಿರ ಈಜಬೇಡಿ. ಈಜಲೇಬೇಕೆಂದರೆ ಬಾಲಿ ಹಾಯ್‌ನಿಂದ ದೋಣಿ ಹತ್ತಿ ಕೋ ಲಾನ್ ದ್ವೀಪಕ್ಕೆ ಹೋಗಿ, ಮುಕ್ಕಾಲು ಗಂಟೆಯ ದಾರಿ.

ಕಟ್ಟಡದ ವಯಸ್ಸು, ಕಟ್ಟಡದ ಬುದ್ಧಿ

1990ರ ಸುಮಾರಿನ ಕಾಂಡೋಗಳಲ್ಲಿ ಕೋಣೆ ದೊಡ್ಡದು, ಗೋಡೆ ದಪ್ಪ, ಬಾಡಿಗೆ ಕಡಿಮೆ. ಲಿಫ್ಟು, ಪೈಪು ಹಳೆಯವು. 2010ರ ನಂತರದವುಗಳಲ್ಲಿ ಈಜುಕೊಳಕ್ಕೆ ಜಾರುಬಂಡೆಯೂ ಇರುತ್ತದೆ, ಕೋಣೆ 24–28 ಚದರ ಮೀಟರ್, ಪಕ್ಕದವರ ಕೆಮ್ಮು ಕೇಳುತ್ತದೆ. ದೀರ್ಘ ವಾಸಕ್ಕೆ, ಆಡಳಿತ ಚೆನ್ನಾಗಿದ್ದರೆ, ಹಳೆಯದೇ ವಾಸಿ. ಆಡಳಿತ ಚೆನ್ನಾಗಿದೆಯೇ ಎಂದು ತಿಳಿಯುವುದು ಲಾಬಿಯ ಸೋಫಾದಿಂದಲ್ಲ. ಮೆಟ್ಟಿಲ ಬಾಗಿಲು ತೆರೆದು ಎರಡು ಮಹಡಿ ಇಳಿಯಿರಿ. ದೀಪ ಉರಿಯುತ್ತದೆಯೇ, ಸಾಮಾನು ತುಂಬಿದೆಯೇ, ಕೆಳಗಿನ ಬಾಗಿಲಿಗೆ ಬೀಗವಿದೆಯೇ? 1997ರ ಜುಲೈ 11ರಂದು ಜೋಮ್ಟಿಯೆನ್‌ನ ದೊಡ್ಡ ಹೋಟೆಲೊಂದಕ್ಕೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತಾಗ ತುರ್ತು ಬಾಗಿಲುಗಳಿಗೆ ಬೀಗ ಹಾಕಿತ್ತು.

ಬಾಲ್ಕನಿಯ ಎದುರು ಖಾಲಿ ಸೈಟಿದ್ದರೆ ಕಡಲ ನೋಟಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಈ ಊರಿನಲ್ಲಿ ಖಾಲಿ ಸೈಟು ಎಂದರೆ ಮುಂದಿನ ಗೋಪುರ, ಎರಡು ವರ್ಷದ ಪೈಲಿಂಗ್ ಸದ್ದು.

ಕರಾರು

ನವೆಂಬರಿನಿಂದ ಫೆಬ್ರವರಿವರೆಗೆ ದುಬಾರಿ ಕಾಲ. ಮೇ–ಅಕ್ಟೋಬರಿನಲ್ಲಿ ಕರಾರು ಮಾಡಿಕೊಂಡರೆ ಚೌಕಾಸಿಗೆ ಜಾಗವಿದೆ. ಜೋಮ್ಟಿಯೆನ್‌ನ ಹಳೆಯ ಕಾಂಡೋದ ಸ್ಟುಡಿಯೋ ಆರು ತಿಂಗಳಿಂದ ವರ್ಷದ ಕರಾರಿಗೆ ತಿಂಗಳಿಗೆ ಸುಮಾರು 7,000ದಿಂದ 12,000 ಬಾತ್. ಅದೇ ಮನೆ ಡಿಸೆಂಬರಿನಲ್ಲಿ ಒಂದು ತಿಂಗಳಿಗೆ ಕೇಳಿದರೆ ಬೇರೆಯೇ ಮಾತು. ವರ್ಷದ ಕರಾರಿಗೆ ಎರಡು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಮುಂಗಡ ಬಾಡಿಗೆ ರೂಢಿ. ನಮ್ಮ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ, ಆ ಮಟ್ಟಿಗೆ ಪುಣ್ಯ.

ಬಾಡಿಗೆಗಿಂತ ಮೊದಲು ಕರೆಂಟಿನ ದರ ಕೇಳಿ. ಸರಕಾರಿ ಮೀಟರಿನ ಬಿಲ್ಲು ನೇರ ನಿಮ್ಮ ಕೈಗೆ ಬಂದರೆ ಯೂನಿಟ್ಟಿಗೆ ಸುಮಾರು 4ರಿಂದ 4.5 ಬಾತ್. ಮಾಲೀಕರ ಮೂಲಕವಾದರೆ 7, 8, ಕೆಲವೆಡೆ ಇನ್ನೂ ಹೆಚ್ಚು. ಏಸಿ ಹಾಕಿ ಮಲಗುವವರಿಗೆ ತಿಂಗಳಿಗೆ 250 ಯೂನಿಟ್ ಆಗುವುದು ಸುಲಭ: ಒಂದು ಕಡೆ 1,125 ಬಾತ್, ಇನ್ನೊಂದು ಕಡೆ 2,000. ಕಡಿಮೆ ಬಾಡಿಗೆಯ ಮನೆ ಇಲ್ಲೇ ದುಬಾರಿಯಾಗುವುದು.

ಕೀಲಿ ತೆಗೆದುಕೊಂಡ ದಿನವೇ ಕರೆಂಟು, ನೀರು ಎರಡೂ ಮೀಟರಿನ ಅಂಕಿ, ಹಾಸಿಗೆಯ ಕಲೆ, ಗೋಡೆಯ ಬಿರುಕು, ಏಸಿಯ ನೀರು ಸೋರುವ ಜಾಗ ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಮೆಸೇಜಿನಲ್ಲಿ ಕಳಿಸಿ. ತಾರೀಖು ತಾನಾಗಿ ದಾಖಲಾಗುತ್ತದೆ. ಕರಾರಿಗೆ ಸಹಿ ಹಾಕುವವರೇ ಮಾಲೀಕರೋ, ಏಜೆಂಟೋ ಎಂದು ಮನೆಯ ಪತ್ರದ ಪ್ರತಿ ನೋಡಿ ಖಚಿತ ಮಾಡಿಕೊಳ್ಳಿ. 30 ದಿನಕ್ಕಿಂತ ಕಡಿಮೆ ಅವಧಿಗೆ ಕಾಂಡೋ ಬಾಡಿಗೆ ಕೊಡುವುದು ಅಲ್ಲಿನ ಹೋಟೆಲ್ ಕಾಯ್ದೆಗೆ ವಿರುದ್ಧ. ಆ್ಯಪಿನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಸಕ್ರಮ ಅಲ್ಲ, ಲಾಬಿಯಲ್ಲಿ ತಡೆದರೆ ಪೇಚಾಟ ನಿಮ್ಮದು.

ಕಾಗದಪತ್ರ

ಭಾರತೀಯರಿಗೆ 2023ರ ನವೆಂಬರಿನಲ್ಲಿ ವೀಸಾ ಇಲ್ಲದೆ 30 ದಿನ ಕೊಟ್ಟರು, 2024ರ ಜುಲೈನಲ್ಲಿ ಅದನ್ನು 60 ಮಾಡಿದರು. ಈ ನಿಯಮ ಗಾಳಿಪಟದ ಹಾಗೆ. ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಚೀಟಿಯನ್ನು ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ಜಾಲತಾಣ ನಕಲಿ.

ಹೆಚ್ಚು ಕಾಲ ಇರುವವರಿಗೆ ಎರಡು ಮುಖ್ಯ ದಾರಿ. 50 ದಾಟಿದವರಿಗೆ ನಿವೃತ್ತರ ವಾಸ: ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ. ದೂರದಿಂದ ಕೆಲಸ ಮಾಡುವವರಿಗೆ 2024ರಲ್ಲಿ ಬಂದ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ): 5,00,000 ಬಾತ್ ಇರುವ ದಾಖಲೆ, ಐದು ವರ್ಷದ ವೀಸಾ, ಪ್ರತಿ ಪ್ರವೇಶಕ್ಕೆ 180 ದಿನ. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, 20,000ದವರೆಗೆ. ಒಂದು ವರ್ಷದಲ್ಲಿ 180 ದಿನ ತುಂಬಿದರೆ ನೀವು ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿ. 2024ರಿಂದ, ಹೊರಗಿನ ಆದಾಯವನ್ನು ಒಳಗೆ ತಂದರೆ ಅದಕ್ಕೂ ತೆರಿಗೆ ಅನ್ವಯಿಸಬಹುದು.

ಬಹಳ ಜನ ಎಡವುವುದು ಟಿಎಂ 30 ಎಂಬ ನಮೂನೆಯಲ್ಲಿ. ವಿದೇಶಿಯರು ಬಂದ 24 ಗಂಟೆಯೊಳಗೆ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು. ಮಾಲೀಕರ ಕೆಲಸವೇ ಆದರೂ ಆ ರಸೀತಿ ಇಲ್ಲದೆ ನಿಮ್ಮ ವಾಸದ ವಿಸ್ತರಣೆ ಮುಂದಕ್ಕೆ ಹೋಗುವುದಿಲ್ಲ. 'ಮಾಡಿಕೊಡುತ್ತೇನೆ' ಎಂಬ ಮಾತನ್ನು ಕರಾರಿನಲ್ಲೇ ಬರೆಸಿ. ವಲಸೆ ಕಚೇರಿ ಇರುವುದು ಜೋಮ್ಟಿಯೆನ್‌ನ ಸೋಯ್ 5ರಲ್ಲಿ. ವಿಸ್ತರಣೆಯ ಶುಲ್ಕ 1,900 ಬಾತ್. ಬೈಕು ಬಾಡಿಗೆಗೆ ಬೇಕಿದ್ದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಅದರಲ್ಲಿ ದ್ವಿಚಕ್ರಕ್ಕೂ ಮುದ್ರೆ ಇರಲಿ. ಪಾಸ್‌ಪೋರ್ಟ್ ಅಡ ಇಡಬೇಡಿ.

ಕೊಳ್ಳುವ ಆಸೆ ಬಂದರೆ

ಎರಡು ಕಾಲ, ಅಂದರೆ ಒಂದು ಜನವರಿ, ಒಂದು ಅಕ್ಟೋಬರ್ ನೋಡದೆ ಕೊಳ್ಳಬೇಡಿ. ವಿದೇಶಿಯರ ಹೆಸರಿಗೆ ನೆಲ ಬರುವುದಿಲ್ಲ. ಕಾಂಡೋ ಬರುತ್ತದೆ, ಆದರೆ ಒಂದು ಕಟ್ಟಡದ ಒಟ್ಟು ಮಾರಾಟದ ವಿಸ್ತೀರ್ಣದಲ್ಲಿ 49 ಶೇಕಡಾವರೆಗೆ ಮಾತ್ರ. ಆ ಪಾಲು ಉಳಿದಿದೆಯೇ ಎಂದು ಕಟ್ಟಡದ ಆಡಳಿತ ಕಚೇರಿಯಿಂದ ಪತ್ರ ಕೇಳಿ. ಥಾಯ್ ಜನರಿಗೆ ಉಳಿದ ಪಾಲಿನ ಮನೆ ಅಗ್ಗಕ್ಕೆ ತೋರಿಸಿ, ಕಂಪನಿ ತೆರೆದು ಅದರ ಹೆಸರಿಗೆ ಮಾಡಿಕೊಳ್ಳಿ ಅನ್ನುವವರು ಇದ್ದಾರೆ. ಹೆಸರಿಗಷ್ಟೇ ಥಾಯ್ ಪಾಲುದಾರರನ್ನು ಇಟ್ಟು ಕಂಪನಿ ಮಾಡುವುದು ಅಪರಾಧ.

ದುಡ್ಡು ಕಳಿಸುವಾಗ ಭಾರತದಿಂದಲೇ ಬಾತ್ ಮಾಡಿಸಿ ಕಳಿಸುವುದು ದೊಡ್ಡ ಎಡವಟ್ಟು. ಹಣ ವಿದೇಶಿ ಕರೆನ್ಸಿಯಾಗಿಯೇ ಥಾಯ್ ಬ್ಯಾಂಕ್ ಮುಟ್ಟಿ ಅಲ್ಲಿ ಬಾತ್ ಆಗಬೇಕು, ಕಾರಣದಲ್ಲಿ ಕಾಂಡೋ ಖರೀದಿ ಎಂದಿರಬೇಕು. 50,000 ಡಾಲರ್ ಅಥವಾ ಹೆಚ್ಚಿದ್ದರೆ ಬ್ಯಾಂಕಿನಿಂದ ವಿದೇಶಿ ವಿನಿಮಯದ ನಮೂನೆ, ಕಡಿಮೆಯಿದ್ದರೆ ಜಮಾ ಪತ್ರ ಪಡೆಯಿರಿ. ಅದು ಇಲ್ಲದೆ ಬಾಂಗ್ ಲಮುಂಗ್ ಭೂ ಕಚೇರಿಯಲ್ಲಿ ನಿಮ್ಮ ಹೆಸರಿಗೆ ಪತ್ರವಾಗುವುದಿಲ್ಲ. ನಮ್ಮ ಕಡೆಯಿಂದ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು 20 ಶೇಕಡಾ ತೆರಿಗೆ ಮೊದಲೇ ಹಿಡಿಯುತ್ತದೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಆದರೂ ಆ ದುಡ್ಡು ಅಷ್ಟು ದಿನ ಕೈಯಲ್ಲಿರುವುದಿಲ್ಲ.

ತಿಂಗಳ ನಿರ್ವಹಣಾ ಶುಲ್ಕ ಚದರ ಮೀಟರಿಗೆ ಸುಮಾರು 35–60 ಬಾತ್. 35 ಮೀಟರಿನ ಮನೆಗೆ 45ರಂತೆ ತಿಂಗಳಿಗೆ 1,575. ಹಿಂದಿನವರು ಬಾಕಿ ಉಳಿಸಿಲ್ಲ ಎಂಬ ಪತ್ರ ನೋಂದಣಿ ದಿನ ಬೇಕೇ ಬೇಕು. ವರ್ಗಾವಣೆ ಶುಲ್ಕ 2 ಶೇಕಡಾ, ಯಾರು ಎಷ್ಟು ಕಟ್ಟುವುದು ಎಂದು ಮಾತಿನಲ್ಲೇ ತೀರ್ಮಾನಿಸಿ. ಕಟ್ಟಡ ಏಳುವ ಮೊದಲೇ ಕಂತು ಕಟ್ಟುವ ಯೋಜನೆಯಾದರೆ, ಸಹಿಗೆ ಮುನ್ನ ಅದೇ ಬಿಲ್ಡರ್ ಮುಗಿಸಿಕೊಟ್ಟ ಹಿಂದಿನ ಕಟ್ಟಡಕ್ಕೆ ಹೋಗಿ. ರಾತ್ರಿ ಎಂಟಕ್ಕೆ ಎದುರು ನಿಂತು ಎಷ್ಟು ಕಿಟಕಿಯಲ್ಲಿ ದೀಪವಿದೆ ಎಣಿಸಿ. ಜನವರಿಯಲ್ಲೂ ಹತ್ತರಲ್ಲಿ ಎರಡೇ ಉರಿಯುತ್ತಿದ್ದರೆ ಅಲ್ಲಿ ನಿರ್ವಹಣಾ ಶುಲ್ಕ ಸರಿಯಾಗಿ ವಸೂಲಾಗುತ್ತಿದೆಯೇ ಎಂದು ಕಚೇರಿಯಲ್ಲಿ ಕೇಳಿ, ಕೊನೆಯ ವಾರ್ಷಿಕ ಸಭೆಯ ಲೆಕ್ಕಪತ್ರ ತೋರಿಸಲು ಹೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಸೋಂಗ್ತಾವ್ ಹತ್ತಿ ಮುಂದಿನ ಗಲ್ಲಿಗೆ ಹೋಗಿ.